ತಪಸ್ಸುಕಾಲದಲ್ಲಿ (ಲೆಂಟ್) ದಿನಾ ಬೈಬಲ್ ಓದೋರು ಏನು ಓದ್ತೀರಿ, ಹೇಗೆ ಓದ್ತೀರಿ?

ತುಮಕೂರು_ಟೀಚರ್ (ಫೆಬ್ರವರಿ 24, 2026)

ಈ ವರ್ಷ ಶಿವರಾತ್ರಿ ಫೆಬ್ರವರಿ 15ಕ್ಕೆ, ಬೂದಿ ಬುಧವಾರ 18ಕ್ಕೆ. ಪಕ್ಕದ ಮನೆಯವರ ಜಾಗರಣೆ ನಿದ್ದೆ ತೀರೋ ಮೊದಲೇ ನಮ್ಮ ಹಣೆಗೆ ಬೂದಿ ಬಿತ್ತು. ಏಪ್ರಿಲ್ 5ಕ್ಕೆ ಪಾಸ್ಕ ಹಬ್ಬ, ಅಂದರೆ ಈಸ್ಟರ್. ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಲೆಕ್ಕಕ್ಕೆ ಸರಿಯಾಗಿ 40 ದಿನ.

ಮಾಂಸ ಬಿಡೋದು, ಟೀ ಬಿಡೋದು, ಸೀರಿಯಲ್ ಬಿಡೋದು, ಇದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಓದೋದರ ಬಗ್ಗೆ ಮಾತು ಕಡಿಮೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ, ಬೈಯೋರು ಬೈಯಿರಿ. ಈ ನಲವತ್ತು ದಿನ ಏನು ಓದಬೇಕು ಅಂತ ನಾವು ಆರಿಸಬಾರದು. ಚರ್ಚಿನ ಪೂಜೆಯ ಪಂಚಾಂಗದಲ್ಲಿ ಆ ದಿನಕ್ಕೆ ಏನು ಕೊಟ್ಟಿದೆಯೋ ಅದನ್ನೇ ಓದಬೇಕು. ತಪಸ್ಸುಕಾಲದ ವಾರದ ದಿನಗಳ ಓದು ಪ್ರತಿ ವರ್ಷ ಒಂದೇ. ಭಾನುವಾರದ್ದು ಮಾತ್ರ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ.

ಯಾಕೆ ಅಂತೀರಾ? ನಾವು ಆರಿಸೋಕೆ ಕೂತರೆ ಏನಾಗುತ್ತದೆ ಅಂತ ಹೊಸ ವರ್ಷದ ವಾಗ್ದಾನದ ಕಾರ್ಡ್ ನೋಡಿದರೆ ಗೊತ್ತಾಗುತ್ತದೆ. ಯೆರೆಮೀಯ 29:11, ಫಿಲಿಪ್ಪಿ 4:13, ಕೀರ್ತನೆ 23. ಹೂವಿನ ಚಿತ್ರ, ಗುಬ್ಬಚ್ಚಿ, ಕೆಳಗೆ ವಚನ. ಸ್ಟೇಟಸ್‌ಗೂ ಅವೇ. ಯಾಜಕಕಾಂಡ 19:13 ಬರೆದ ಕಾರ್ಡನ್ನು ನಾನಂತೂ ಇದುವರೆಗೆ ನೋಡಿಲ್ಲ.

ನಿನ್ನೆ ಸೋಮವಾರದ ಓದು ಅದೇ ಆಗಿತ್ತು. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು ಅನ್ನೋ ಮಾತು. ನಮ್ಮ ಮನೆಯಲ್ಲಿ ಬಣ್ಣದ ಕೆಲಸ ನಡೀತಾ ಇದೆ. ಲೆಕ್ಕ ಶನಿವಾರಕ್ಕೆ ಅಂತ ಮಾತಾಗಿತ್ತು. ನಾನು ಹಾಲ್‌ನಲ್ಲಿ ಕೂತು ಎಂದಿನಂತೆ ಗಟ್ಟಿಯಾಗಿ ಓದಿದೆ. ಮುಗಿಸಿ ತಲೆ ಎತ್ತುವಷ್ಟರಲ್ಲಿ ನಮ್ಮ ಯಜಮಾನರು ಗೂಟದ ಶರ್ಟಿನಿಂದ ಪರ್ಸ್ ತೆಗೆದು ನೋಟು ಎಣಿಸುತ್ತಿದ್ದರು.

"ಶನಿವಾರ ಅಲ್ವಾ?" ಅಂದೆ.

"ವರಾಂಡದಲ್ಲಿ ಗೋಡೆಗೆ ಪುಟ್ಟಿ ಹಾಕ್ತಾ ಇದ್ದಾರಲ್ಲ, ಅವರಿಗೂ ಕೇಳಿಸಿದೆ" ಅಂದರು.

ನೋಡಿ, ಈ ವಚನವನ್ನು ನಾನಾಗಿ ಹುಡುಕಿ ಓದುತ್ತಿರಲಿಲ್ಲ. ಅದು ತಾನಾಗೇ ಬಂತು. ನಿಮ್ಮ ಕಡೆ ಹೇಗೆ?


ಮಾರಿಕುಪ್ಪಂ_ಪ್ಯಾಸೆಂಜರ್

ಟೀಚರಮ್ಮ, ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ.

ನಾನು ಕೆಜಿಎಫ್‌ನವನು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಅರ್ಧ ಜೀವನ ರೈಲಿನಲ್ಲೇ. ಬೆಳಿಗ್ಗೆ ಊರಿಗಾಂನಲ್ಲಿ ಹತ್ತುತ್ತೇನೆ. ಬಂಗಾರಪೇಟೆವರೆಗೆ ಸೀಟು, ಗಾಳಿ, ಶಾಂತಿ ಎಲ್ಲಾ ಇರುತ್ತದೆ. ಅಷ್ಟರೊಳಗೆ ಓದಿ ಮುಗಿಸಬೇಕು. ಬಂಗಾರಪೇಟೆ ದಾಟಿದ ಮೇಲೆ ಫೋನ್ ಹಿಡಿಯೋಕೂ ಕೈ ಎತ್ತೋ ಹಾಗಿಲ್ಲ. ಆಗ ಓದಿದ್ದರಲ್ಲಿ ಒಂದು ಸಾಲು ನೆನಪಿದ್ದರೆ ಅದನ್ನೇ ಮಾಲೂರು, ವೈಟ್‌ಫೀಲ್ಡ್‌ವರೆಗೆ ಬಾಯಲ್ಲಿ ಇಟ್ಕೊಂಡು ನಿಂತಿರುತ್ತೇನೆ. ಇಡೀ ಓದಿಗಿಂತ ಆ ಒಂದು ಸಾಲೇ ನನಗೆ ಜಾಸ್ತಿ ಕೆಲಸ ಮಾಡಿದೆ.

ಸಂಜೆ ಮನೆಯಲ್ಲಿ ಬೇರೆ ಥರ. ಅಮ್ಮನಿಗೆ ತಮಿಳು ಬೈಬಲ್ ಬಾಯಿಪಾಠ, ಆದರೆ ಕಣ್ಣು ಕಾಣೋದಿಲ್ಲ. ಮಗಳು ಸ್ಕೂಲಲ್ಲಿ ಓದೋದು ಕನ್ನಡ. ಹಾಗಾಗಿ ಮೊಮ್ಮಗಳು ಕನ್ನಡದಲ್ಲಿ ಓದುತ್ತಾಳೆ, ಅಜ್ಜಿ ಮಂಚದ ಮೇಲೆ ಕೂತು ಒಂದು ಸಾಲು ಮುಂದೆ ತಮಿಳಲ್ಲಿ ಹೇಳುತ್ತಾ ಇರುತ್ತಾಳೆ. ಇವಳು ಅವಸರದಲ್ಲಿ ಒಂದು ವಚನ ಹಾರಿಸಿದಳೋ, ಮಂಚದಿಂದ "ಏಯ್" ಅಂತ ಕೂಗು ಬರುತ್ತದೆ. ಹಾರಿಸಿ ಬಚಾವಾಗೋಕೆ ಆಗೋದೇ ಇಲ್ಲ. ಮಗಳಿಗೆ ಅದೇ ಆಟ ಆಗಿದೆ, ಬೇಕಂತಲೇ ಹಾರಿಸುತ್ತಾಳೆ.


ಬ್ರದರ್_ಗೌರಿಬಿದನೂರು

ದೇವರಿಗೆ ಸ್ತೋತ್ರ. ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಬೂದಿ ಬುಧವಾರ, ಲೆಂಟ್ ಅಂತ ಸತ್ಯವೇದದಲ್ಲಿ ಎಲ್ಲಿದೆ? ನಮ್ಮ ಸಭೆಯಲ್ಲಿ ಇವನ್ನು ಆಚರಿಸೋದಿಲ್ಲ. ಸತ್ಯವೇದದಲ್ಲಿ 1189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದರೆ ವರ್ಷಕ್ಕೆ ಒಂದು ಸುತ್ತು ಪೂರ್ತಿ ಆಗುತ್ತದೆ. ನಲವತ್ತು ದಿನಕ್ಕೆ ಮಾತ್ರ ಯಾಕೆ?

ಇನ್ನೊಂದು. ನೀವು ಆರಿಸಬಾರದು ಅಂತೀರಿ, ಆದರೆ ಪಂಚಾಂಗ ಮಾಡಿದವರು ಆರಿಸಿದ್ದಾರಲ್ಲ? ನೀವು ಹೇಳಿದ ಸೋಮವಾರದ ಓದನ್ನೇ ನೋಡಿದೆ. ಯಾಜಕಕಾಂಡ 19ರಲ್ಲಿ 1, 2ನೇ ವಚನ ಓದಿ, ಅಲ್ಲಿಂದ ಸೀದಾ 11ಕ್ಕೆ ಜಿಗಿದು 18ಕ್ಕೆ ನಿಲ್ಲಿಸಿದ್ದಾರೆ. ಬಿಟ್ಟುಹೋದ 9, 10ರಲ್ಲಿ ಏನಿದೆ ಗೊತ್ತಾ? ಹೊಲ ಕೊಯ್ಯುವಾಗ ಅಂಚಿನ ತನಕ ಕೊಯ್ಯಬೇಡ, ಹಕ್ಕಲು ಆಯಬೇಡ, ದ್ರಾಕ್ಷಿ ತೋಟದಲ್ಲಿ ಬಿದ್ದ ಹಣ್ಣು ಬಾಚಬೇಡ, ಬಡವರಿಗೂ ಪರದೇಶದವರಿಗೂ ಬಿಡು ಅಂತ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎಷ್ಟು ದ್ರಾಕ್ಷಿ ತೋಟ ಇದೆ! ಇದನ್ನೇ ಬಿಟ್ಟುಬಿಟ್ಟರೆ ಹೇಗೆ? ತುಂಡು ತುಂಡಾಗಿ ಓದಿದರೆ ಹೀಗೇ ಆಗೋದು.


ತುಮಕೂರು_ಟೀಚರ್

ಬ್ರದರ್, ಬೇಜಾರು ಯಾಕೆ. ಹಕ್ಕಲಿನ ಮಾತು ನೂರಕ್ಕೆ ನೂರು ಸರಿ. ನಮ್ಮ ಪಾವಗಡ, ಶಿರಾ ಕಡೆ ಕಡಲೆಕಾಯಿ ಕಿತ್ತ ಹೊಲದಲ್ಲಿ ಹೆಂಗಸರು, ಮಕ್ಕಳು ಹಕ್ಕಲು ಆಯೋದನ್ನು ನೋಡಿ ಬೆಳೆದವಳು ನಾನು. ಅದನ್ನು ತಡೆಯೋ ರೈತನ ಹೆಸರು ಊರಲ್ಲಿ ಕೆಡುತ್ತಿತ್ತು. ಇವತ್ತು ಸಂಜೆ ಇಡೀ 19ನೇ ಅಧ್ಯಾಯ ಓದಿದೆವು.

ಲೆಂಟ್ ಅನ್ನೋ ಹೆಸರು ಬೈಬಲಿನಲ್ಲಿ ಇಲ್ಲ, ಒಪ್ಪಿದೆ. 325ರ ನೈಸಿಯ ಮಹಾಸಭೆಯ ನಿಯಮದಲ್ಲಿ ಪಾಸ್ಕದ ಮುಂಚಿನ ನಲವತ್ತು ದಿನದ ಮಾತು ಬರುತ್ತದೆ. ಅಷ್ಟು ಹಳೆಯದು ಅಂತ ಹೇಳಬಹುದೇ ಹೊರತು ವಚನ ತೋರಿಸೋಕೆ ಆಗೋದಿಲ್ಲ. ಆದರೆ ಮೋಶೆ ಬೆಟ್ಟದ ಮೇಲೆ ನಲವತ್ತು ದಿನ, ಎಲೀಯ ಹೋರೇಬಿಗೆ ನಡೆದದ್ದು ನಲವತ್ತು ದಿನ, ಯೇಸುಸ್ವಾಮಿ ಅಡವಿಯಲ್ಲಿ ನಲವತ್ತು ದಿನ. ಯಾರೋ ಸುಮ್ನೆ ಕೂತು ಕಟ್ಟಿದ ಲೆಕ್ಕ ಅಲ್ಲ ಇದು.

ಆರಿಸಿದ್ದು ಯಾರು ಅಂತ ಕೇಳಿದಿರಿ. ಯಾರೋ ಆರಿಸಿದ್ದಾರೆ, ನಿಜ. ಆದರೆ ಅವರಿಗೆ ನಮ್ಮ ಮನೆಗೆ ಬಣ್ಣ ಹೊಡೀತಿರೋದು ಗೊತ್ತಿರಲಿಲ್ಲ. ನನಗೆ ಬೇಕಾಗಿರೋದು ಅಷ್ಟೇ.


ಶಿಡ್ಲಘಟ್ಟ_ರೇಷ್ಮೆ

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಟೀಚರ್ ಹೇಳಿದ ಪಂಚಾಂಗದ ಪಟ್ಟಿ ನೋಡಿ ಈ ಸಲ ಅದನ್ನೇ ಹಿಡಿದಿದ್ದೇನೆ.

ದಿನಾ ಒಂದೇ ಹೊತ್ತಿಗೆ ಓದಬೇಕು ಅಂತ ಹೇಳೋರು ಒಂದು ಸಲ ರೇಷ್ಮೆ ಹುಳ ಮೇಯಿಸಿ ನೋಡಬೇಕು. ನಾಲ್ಕನೇ ಜ್ವರದಿಂದ (ಹುಳ ಪೊರೆ ಬಿಡೋದನ್ನು ಜ್ವರ ಅಂತೀವಿ) ಎದ್ದ ಮೇಲೆ ಹುಳ ತಿನ್ನೋ ಸೊಪ್ಪಿಗೆ ಲೆಕ್ಕವೇ ಇಲ್ಲ. ರಾತ್ರಿ ಹತ್ತಕ್ಕೂ ಹಾಕಬೇಕು, ಬೆಳಗಿನ ಜಾವಕ್ಕೂ ಹಾಕಬೇಕು. ಆ ಒಂದು ವಾರ ಬೈಬಲ್ ಇರಲಿ, ಹೆಂಡತಿ ಮುಖ ನೋಡೋಕೂ ಪುರುಸೊತ್ತಿಲ್ಲ. ಅದೇ ಹುಳ ಜ್ವರಕ್ಕೆ ಕೂತಾಗ ಬಾಯಿ ಮುಚ್ಚಿ ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ. ಸೊಪ್ಪು ಹಾಕೋ ಹಾಗಿಲ್ಲ. ಆ ದಿನ ಹುಳದ ಮನೆ ಬಾಗಿಲಲ್ಲಿ ಕೂತು ಹಿಂದಿನ ಬಾಕಿಯನ್ನೆಲ್ಲಾ ಓದುತ್ತೇನೆ. ದೇವರು ರಜೆ ಹಾಕಿದ್ದು ಹುಳಕ್ಕಾ ನನಗಾ ಗೊತ್ತಿಲ್ಲ.

ಈಗ ನಿಜವಾದ ತೊಂದರೆ ಹೇಳುತ್ತೇನೆ. ಮೊದಲ ವಾರದ ಶುಕ್ರವಾರ ಮತ್ತಾಯ 5 ಬಂತಲ್ಲ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಆಗು ಅಂತ. ನನಗೂ ಅಣ್ಣನಿಗೂ ಬೋರ್‌ವೆಲ್ ವಿಷಯಕ್ಕೆ ಮಾತು ನಿಂತು ಕಾಲ ಆಯ್ತು. ಪಾಲು ಆದಾಗ ಮೂರು ದಿನ ಅವನಿಗೆ ನೀರು, ಮೂರು ದಿನ ನನಗೆ ಅಂತ ಆಗಿತ್ತು. ಏಳನೇ ದಿನ ಯಾರಿಗೆ ಅಂತ ಕಾಗದದಲ್ಲಿ ಬರೆಯೋಕೆ ಎಲ್ಲರೂ ಮರೆತರು. ಇಡೀ ಜಗಳ ಅದರದ್ದೇ.

ಓದಿದ ತಕ್ಷಣ ಹೋಗಿ ಅಣ್ಣನನ್ನು ತಬ್ಬಿಕೊಂಡೆ ಅಂತ ಬರೆದರೆ ಸುಳ್ಳಾಗುತ್ತದೆ. ಹೋಗಿಲ್ಲ. ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ನನ್ನ ಹತ್ತಿರ ಬಂದಾಗ ಕೈ ಜೇಬಿಗೆ ಹೋಗಲಿಲ್ಲ, ಅಷ್ಟೇ. ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದ. ಅವನೂ ಹಾಕಲಿಲ್ಲ.


ಮಾರಿಕುಪ್ಪಂ_ಪ್ಯಾಸೆಂಜರ್

ಅಣ್ಣ, ಹಾಗಾದರೆ ಇಬ್ಬರೂ ಅದೇ ಓದಿದ್ದೀರಿ!


ಶಿಡ್ಲಘಟ್ಟ_ರೇಷ್ಮೆ

ನನ್ನ ಹೆಂಡತಿಯೂ ಹಾಗೇ ಹೇಳಿದಳು. ಪಟ್ಟಿಯನ್ನು ಅತ್ತಿಗೆಗೆ ಕಳಿಸಿದ್ದು ಇವಳೇ ಅಂತೆ.


ಕುತೂಹಲಿ_ತಿಪಟೂರು

ನಾನು ಕ್ರೈಸ್ತನಲ್ಲ, ಗೆಳೆಯನೊಬ್ಬ ಈ ಚರ್ಚೆ ತೋರಿಸಿದ. ಒಂದು ಅನುಮಾನ. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದರು. ಒಬ್ಬರು ಪದ್ಯ ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಮುಗಿದ ದಿನ ಮಂಗಳ, ಊಟ. ಪೂರ್ತಿ ಮಾಡಿದರೆ ಪುಣ್ಯ ಅನ್ನೋ ನಂಬಿಕೆ. ನಿಮ್ಮಲ್ಲೂ ಹಾಗಾ? ಮಧ್ಯೆ ನಿಂತರೆ ದೋಷವಾ? ಮತ್ತೆ ನನ್ನಂಥವನು ಓದೋಕೆ ಶುರು ಮಾಡಿದರೆ ಯಾವುದರಿಂದ?


ನೈಟ್‌ಡ್ಯೂಟಿ_ನರ್ಸ್, ಕೋಲಾರ

ಸರ್, ದೋಷ ಗೀಷ ಏನೂ ಇಲ್ಲ. ಬಿಟ್ಟ ದಿನ ಬಿಟ್ಟುಹೋಯಿತು, ಮಾರನೇ ದಿನದ್ದು ಓದಿ. ಶುರು ಮಾಡೋಕೆ ಮಾರ್ಕನ ಸುವಾರ್ತೆ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಎಲ್ಲಿಯೂ ನಿಲ್ಲದೆ ಓಡುತ್ತದೆ. ಮೊದಲ ಪುಟದಿಂದ ಶುರು ಮಾಡಿದೋರು ಸಾಮಾನ್ಯವಾಗಿ ವಿಮೋಚನಕಾಂಡದ ಗುಡಾರದ ಅಳತೆಗಳ ಹತ್ತಿರ ಬಂದು ಕೈ ಚೆಲ್ಲುತ್ತಾರೆ.

ನಾನು ವಾರ್ಡಿನಲ್ಲಿ ಓದೋದು ಕೀರ್ತನೆ ಮಾತ್ರ. ಪಶ್ಚಾತ್ತಾಪದ ಕೀರ್ತನೆಗಳು ಅಂತ ಏಳು ಇವೆ: 6, 32, 38, 51, 102, 130, 143. ರಾತ್ರಿಗೆ ಒಂದು. 130 ಬಂದಾಗ ಮಾತ್ರ ನಗು ಬರುತ್ತದೆ. ಕಾವಲುಗಾರರು ಬೆಳಗಾಗೋದನ್ನು ಕಾಯೋದಕ್ಕಿಂತ ಹೆಚ್ಚಾಗಿ ನನ್ನ ಜೀವ ದೇವರನ್ನು ಕಾಯುತ್ತದೆ ಅಂತ ಬರುತ್ತದಲ್ಲ. ಬರೆದವರು ಖಂಡಿತ ನೈಟ್ ಡ್ಯೂಟಿ ಮಾಡಿದೋರೇ. ಬೆಳಗಿನ ನಾಲ್ಕು ಗಂಟೆಗೆ ಡ್ರಿಪ್ ಬದಲಾಯಿಸಿ ಕಿಟಕಿ ನೋಡೋರಿಗೆ ಅದರ ತೂಕ ಗೊತ್ತು.


ಗಾರೆಕೆಲಸ_ಮಾಲೂರು (ಮಾರ್ಚ್ 11)

ಟೀಚರ್ ಮೇಡಂ, ನಾನು ನಿಮ್ಮ ವರಾಂಡದ ಕಡೆಯವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೂಲಿಯ ವಚನ ನಿಮಗೆ ಚುಚ್ಚಿತು ಅಂದಿರಿ. ನನಗೆ ಅದು ಚುಚ್ಚಲಿಲ್ಲ, ಹೊಟ್ಟೆ ತಣ್ಣಗಾಯಿತು. ಹಿಂದಿನ ವರ್ಷ ಒಂದು ಲೇಔಟ್ ಕೆಲಸದಲ್ಲಿ ಕಂಟ್ರಾಕ್ಟರು ನಮ್ಮ ಗುಂಪಿಗೆ ಬಟವಾಡೆ ಕೊಡದೆ ನಾಳೆ ನಾಡಿದ್ದು ಅಂತ ಓಡಾಡಿಸಿದ. ಕೊನೆಗೆ ಫೋನ್ ಎತ್ತೋದೇ ಬಿಟ್ಟ. ಮೇಸ್ತ್ರಿ ನಾನು. ನನ್ನ ಮಾತು ನಂಬಿ ಬಂದ ಹುಡುಗರಿಗೆ ನಾನು ಉತ್ತರ ಹೇಳಬೇಕಾಯಿತು. ಹೆಂಡತಿಯ ಓಲೆ ಅಡ ಇಟ್ಟು ಸ್ವಲ್ಪ ಕೊಟ್ಟೆ.

ಆಗ ಗುಡಿಯಲ್ಲಿ ಎಲ್ಲರೂ ನನಗೆ ಹೇಳಿದ್ದು ಒಂದೇ. ಕ್ಷಮಿಸಿಬಿಡು, ಏಳು ಎಪ್ಪತ್ತು ಸಲ ಕ್ಷಮಿಸು. ಅದೇ ಮತ್ತಾಯ 18 ನಿನ್ನೆ ಮಂಗಳವಾರದ ಓದಾಗಿ ಬಂತು. ನಿಜ ಹೇಳಬೇಕೆಂದರೆ ಪುಸ್ತಕ ಮುಚ್ಚೋಣ ಅನ್ನಿಸಿತು. ಮುಚ್ಚಲಿಲ್ಲ. ಲೆಕ್ಕ ಹಾಕಿದೆ. ನನಗೆ ಬರೋದು ಅದೊಂದೇ.

ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6000 ದಿನಾರಿ. ರಾಜ ಮನ್ನಾ ಮಾಡಿದ್ದು 10,000 ತಲಾಂತು. ಅಂದರೆ ಆರು ಕೋಟಿ ದಿನದ ಕೂಲಿ. ಯಾವ ಮನುಷ್ಯನೂ ದುಡಿದು ತೀರಿಸೋ ಸಾಲ ಅಲ್ಲ ಅದು. ಆ ಆಳು ಹೊರಗೆ ಬಂದು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ. ಪ್ರಸಂಗದಲ್ಲಿ ಅದನ್ನು ಚಿಲ್ಲರೆ ಕಾಸು ಅಂತ ಹೇಳುತ್ತಾರೆ. ಚಿಲ್ಲರೆ ಅಲ್ಲ ಸ್ವಾಮಿ! ನೂರು ದಿನದ ಕೂಲಿ ಅಂದರೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಅಕ್ಕಿ, ಬಾಡಿಗೆ, ಮಗನ ಫೀಸು. ಯೇಸುಸ್ವಾಮಿ ಬಡಗಿ ಕೆಲಸದ ಮನೆಯವರು. ದಿನಗೂಲಿ ಬೆಲೆ ಅವರಿಗೆ ಗೊತ್ತಿಲ್ಲದೆ ಇರುತ್ತಾ? ಬೇಕಂತಲೇ ಹತ್ತು ದಿನಾರಿ ಅನ್ನದೆ ನೂರು ಅಂದರು ಅಂತ ನನಗೆ ಅನ್ನಿಸುತ್ತದೆ. ನಿನಗೆ ಬರಬೇಕಾಗಿರೋದು ಸಣ್ಣದಲ್ಲ ಅಂತ ಒಪ್ಪಿಕೊಂಡೇ ಕ್ಷಮೆಯ ಮಾತು ಆಡಿದ್ದಾರೆ. ನನಗೆ ಬುದ್ಧಿ ಹೇಳಿದೋರು ಯಾರೂ ಅದನ್ನು ಒಪ್ಪಿಕೊಂಡಿರಲಿಲ್ಲ.

ಕ್ಷಮಿಸಿದೆಯಾ ಅಂತ ಕೇಳಬೇಡಿ. ದೂರು ಕೊಟ್ಟಿದ್ದೇವೆ, ಕೇಸು ನಡೆಯುತ್ತಿದೆ. ಕುತ್ತಿಗೆ ಹಿಡಿದಿಲ್ಲ.

ಆರಿಸಿ ಓದಬಾರದು ಅನ್ನೋ ನಿಮ್ಮ ಮಾತಿಗೆ ಒಂದು ತಿದ್ದುಪಡಿ ಹಾಕಲಾ? ಕಷ್ಟದಲ್ಲಿ ಇರೋನು ಆರಿಸಿಕೊಳ್ಳಲಿ, ಬಿಡಿ. ಆ ತಿಂಗಳುಗಳಲ್ಲಿ ನಾನು ಓದಿದ್ದು ಕೀರ್ತನೆ 94 ಒಂದೇ. ದುಷ್ಟರು ಎಷ್ಟು ಕಾಲ ಮೆರೆಯಬೇಕು ಅಂತ ದೇವರನ್ನೇ ಕೇಳೋ ಕೀರ್ತನೆ. ಬೇರೆ ಏನು ಓದಿದ್ದರೂ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.


ತುಮಕೂರು_ಟೀಚರ್

ಅಣ್ಣ, ಪಂಚಾಂಗದ ಓದು ಹೊಟ್ಟೆ ತುಂಬಿದ ನಮ್ಮಂಥವರಿಗೆ. ನಿಮ್ಮ ತಿದ್ದುಪಡಿ ಹಾಗೇ ಇರಲಿ. ನೂರು ದಿನದ ಲೆಕ್ಕವನ್ನು ಈ ಭಾನುವಾರ ನಮ್ಮ ಫಾದರ್‌ಗೆ ತೋರಿಸುತ್ತೇನೆ, ಚಿಲ್ಲರೆ ಕಾಸು ಅಂತ ಅವರೂ ಹೇಳೋರೇ.


ಬ್ರದರ್_ಗೌರಿಬಿದನೂರು

ಮೇಸ್ತ್ರಿ ಬ್ರದರ್, ಯಾಕೋಬನ ಪತ್ರಿಕೆ 5:4 ಸಹ ನೋಡಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ ಅಂತ ಇದೆ. ನಿಮ್ಮ ಕೇಸಿಗೋಸ್ಕರ ನಮ್ಮ ಸಭೆಯಲ್ಲಿ ಪ್ರಾರ್ಥನೆ ಮಾಡಿದ್ದೇವೆ. ದೂರು ಕೊಟ್ಟಿದ್ದು ಸರಿಯಾಗಿದೆ. ಪೌಲನೂ ಕೈಸರನ ಹತ್ತಿರ ಅಪೀಲು ಹೋದವನೇ.


ಚಿಂತಾಮಣಿ_ಅಕ್ಕ (ಮಾರ್ಚ್ 17)

ನೀವೆಲ್ಲ ದೊಡ್ಡ ವಿಷಯ ಮಾತಾಡ್ತಾ ಇದ್ದೀರಿ, ನನ್ನದು ಅಡುಗೆಮನೆ ವಿಷಯ.

ಈ ಸಲ ರಂಜಾನ್ ಉಪವಾಸವೂ ಬೂದಿ ಬುಧವಾರದ ವಾರವೇ ಶುರುವಾಯಿತು. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಸಹರಿ ಊಟಕ್ಕೆ ಎಲ್ಲರ ಮನೆ ದೀಪ ಹತ್ತುತ್ತದೆ, ಪಾತ್ರೆ ಸದ್ದು. ಎಚ್ಚರ ಆದಮೇಲೆ ಮಲಗೋಕೆ ಆಗೋದಿಲ್ಲ, ನಾನೂ ಎದ್ದು ಓದುತ್ತೇನೆ. ಎದುರುಮನೆ ಆಪಾ ಅಂಗಳದಿಂದ "ನಿಮ್ಮದು ಆಯ್ತಾ?" ಅಂತ ಕೇಳುತ್ತಾರೆ. ಇದುವರೆಗೆ ಯಾವ ವರ್ಷವೂ ನಾನು ಇಷ್ಟು ನೆಟ್ಟಗೆ ಓದಿರಲಿಲ್ಲ. ಅಲಾರಂ ಇಟ್ಟಾಗಲೆಲ್ಲ ಆರಿಸಿ ಮಲಗುತ್ತಿದ್ದೆ.

ತೊಂದರೆ ಏನಂದರೆ, ಯುಗಾದಿ ಈ ಗುರುವಾರ, 19ಕ್ಕೆ. ಜೋಸೆಫಪ್ಪನ ಹಬ್ಬವೂ ಅವತ್ತೇ, ಸರಿ, ಒಬ್ಬಟ್ಟು ತಿಂದರಾಯಿತು. ಆದರೆ ಮಾರನೇ ದಿನ ಹೊಸತೊಡಕು, ಶುಕ್ರವಾರ! ಪಕ್ಕದ ಗೌಡರ ಮನೆಯಿಂದ ಪ್ರತಿ ವರ್ಷ ದೊಡ್ಡ ಡಬ್ಬಿ ತುಂಬಾ ಮಟನ್ ಸಾರು, ಮುದ್ದೆ ಬರುತ್ತದೆ. ತಪಸ್ಸುಕಾಲದ ಶುಕ್ರವಾರ ನಾವು ಮಾಂಸ ಮುಟ್ಟೋದಿಲ್ಲ. ವಾಪಸ್ ಕಳಿಸಿದರೆ ಅವರಿಗೆ ನೋವು. ಫ್ರಿಜ್‌ನಲ್ಲಿ ಇಟ್ಟರೆ ನನ್ನ ಗಂಡ ರಾತ್ರಿ ಬಿಡೋರಲ್ಲ.


ನೈಟ್‌ಡ್ಯೂಟಿ_ನರ್ಸ್, ಕೋಲಾರ

ಅಕ್ಕ, ಬೂದಿ ಬುಧವಾರ ಆದ ಶುಕ್ರವಾರದ ಓದು ಯೆಶಾಯ 58 ಅಲ್ವಾ? ನನಗೆ ಇಷ್ಟವಾದ ಉಪವಾಸ ಯಾವುದು, ಹಸಿದವನಿಗೆ ನಿನ್ನ ಅನ್ನ ಹಂಚೋದಲ್ಲವೇ ಅಂತ. ಡಬ್ಬಿ ತಗೊಳ್ಳಿ, ನಕ್ಕು ತಗೊಳ್ಳಿ. ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರು ರಾತ್ರಿ ಬ್ರೆಡ್ಡು, ಟೀ ಕುಡಿದು ಮಲಗುತ್ತಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲೂ ಅದೇ ಕಥೆ ಇರುತ್ತದೆ. ಬಿಸಿ ಇರುವಾಗಲೇ ಗಂಡನ ಕೈಲೇ ಕಳಿಸಿಬಿಡಿ.


ಚಿಂತಾಮಣಿ_ಅಕ್ಕ

ಗಂಡನ ಕೈಲಿ ಕಳಿಸಿದರೆ ತಲುಪೋದು ಅನುಮಾನ. ನಾನೇ ಹೋಗುತ್ತೇನೆ.


ಶಿಡ್ಲಘಟ್ಟ_ರೇಷ್ಮೆ (ಮಾರ್ಚ್ 23)

ಇವತ್ತಿನ ಪಟ್ಟಿಯಲ್ಲಿ ದಾನಿಯೇಲ 13 ಅಂತ ಇದೆ. ನಮ್ಮ ಸತ್ಯವೇದದಲ್ಲಿ ದಾನಿಯೇಲನಿಗೆ 12 ಅಧ್ಯಾಯ ಅಷ್ಟೇ. ತಪ್ಪು ಮುದ್ರಣವಾ?


ತುಮಕೂರು_ಟೀಚರ್

ಅಲ್ಲ. ನಿಮ್ಮದರಲ್ಲಿ 66 ಪುಸ್ತಕ, ನಮ್ಮದರಲ್ಲಿ 73. ದಾನಿಯೇಲನಿಗೆ ನಮ್ಮಲ್ಲಿ 14 ಅಧ್ಯಾಯ. 13ರಲ್ಲಿ ಸುಸನ್ನಳ ಕಥೆ. ಊರಿನ ಹಿರಿಯರು ಅಂತ ಅನ್ನಿಸಿಕೊಂಡ ಇಬ್ಬರು ಸೇರಿ ಒಬ್ಬ ಹೆಂಗಸಿನ ಮೇಲೆ ಸುಳ್ಳು ಆರೋಪ ಹೊರಿಸುತ್ತಾರೆ, ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ನೋಡಿದಿರಿ ಅಂತ ಕೇಳಿ ಸಿಕ್ಕಿಹಾಕಿಸುತ್ತಾನೆ. ನಿಮ್ಮ ಹೆಂಡತಿಗೆ ಓದೋಕೆ ಕೊಡಿ, ಇಷ್ಟ ಆಗುತ್ತದೆ. ಫೋಟೋ ಕಳಿಸುತ್ತೇನೆ.

ಅಂದಹಾಗೆ ಏಳನೇ ದಿನದ ನೀರು ಏನಾಯ್ತು?


ಶಿಡ್ಲಘಟ್ಟ_ರೇಷ್ಮೆ

ಮಾತು ಇನ್ನೂ ಇಲ್ಲ. ಹೋದ ಭಾನುವಾರ ನನ್ನ ಹಿಪ್ಪುನೇರಳೆಗೆ ನೀರು ಹರಿದಿತ್ತು. ನಾನು ಮೋಟಾರ್ ಹಾಕಿರಲಿಲ್ಲ.


ಮಾರಿಕುಪ್ಪಂ_ಪ್ಯಾಸೆಂಜರ್

ಪವಿತ್ರ ವಾರಕ್ಕೆ ಯಾರಾದರೂ ಓದಿನ ಪಟ್ಟಿ ಹಾಕಿ. ಆ ವಾರ ಅಮ್ಮ ಒಂದನ್ನೂ ಬಿಡಿಸೋದಿಲ್ಲ.


ತುಮಕೂರು_ಟೀಚರ್

ಗರಿಗಳ ಭಾನುವಾರ, 29ಕ್ಕೆ, ಈ ವರ್ಷ ಮತ್ತಾಯ 26, 27. ಶುಭ ಶುಕ್ರವಾರ ಯಾವ ವರ್ಷವಾದರೂ ಯೋಹಾನ 18, 19. ಎರಡನ್ನೂ ಒಂದೇ ವಾರದಲ್ಲಿ ಕೇಳೋದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮತ್ತಾಯನಲ್ಲಿ ಶಿಲುಬೆಯ ಮೇಲೆ ಕೀರ್ತನೆ 22ರ ಕೂಗು, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ. ಯೋಹಾನನಲ್ಲಿ ಆ ಕೂಗಿಲ್ಲ, ಅಮ್ಮನನ್ನು ಶಿಷ್ಯನಿಗೆ ಒಪ್ಪಿಸೋ ಮಾತಿದೆ.

ಶನಿವಾರ ರಾತ್ರಿ ಜಾಗರಣೆಗೆ ಪೂರ್ತಿ ಪಟ್ಟಿ ಅಂದರೆ ಒಂಬತ್ತು ಓದು. ಹಳೆ ಒಡಂಬಡಿಕೆಯದು ಏಳು, ಆಮೇಲೆ ಪತ್ರಿಕೆ, ಸುವಾರ್ತೆ. ಹಳೆಯದರಲ್ಲಿ ಕಡಿಮೆ ಅಂದರೂ ಮೂರು ಇರಬೇಕು, ಅದರಲ್ಲಿ ವಿಮೋಚನಕಾಂಡ 14, ಕೆಂಪು ಸಮುದ್ರ ದಾಟೋದು, ಯಾವ ಕಾರಣಕ್ಕೂ ಬಿಡೋ ಹಾಗಿಲ್ಲ.


ಗಾರೆಕೆಲಸ_ಮಾಲೂರು

ಆ ವಿಮೋಚನಕಾಂಡ 14 ಈ ಸಲ ನಾನು ಓದುತ್ತೇನೆ ಅಂತ ಫಾದರ್‌ಗೆ ಹೇಳಿ ಬಂದಿದ್ದೇನೆ. ಇಟ್ಟಿಗೆ ಮಾಡಿದ ಕೂಲಿಯವರು ಫರೋಹನ ಕೈ ತಪ್ಪಿಸಿಕೊಂಡ ಕಥೆ, ಬೇರೆಯವರ ಬಾಯಲ್ಲಿ ಯಾಕೆ ಕೇಳಬೇಕು? ಒಂದೇ ಕಷ್ಟ. ರಥಗಳು, ಕುದುರೆಗಳು, ರಾಹುತರು ಅಂತ ಅದೇ ಅದೇ ಸಾಲು ತಿರುಗಿ ತಿರುಗಿ ಬರುತ್ತದೆ, ನಾಲಗೆ ತೊಡರುತ್ತದೆ. ಸಾರ್ವೆ ಮೇಲೆ ನಿಂತು ದಿನಾ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗೆ ಗಾರೆ ಕಲಸೋ ಹುಡುಗನಿಗೆ ಆಗಲೇ ಅರ್ಧ ಬಾಯಿಪಾಠ ಆಗಿದೆ.